ಮ್ಯೂಸಿಕ್‌ಬ್ರೇನ್ಜ್

ಮ್ಯೂಸಿಕ್‌ಬ್ರೇನ್ಜ್ ಧ್ವನಿಮುದ್ರಿತ ಸಂಗೀತದ ವಿವರಗಳನ್ನು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಒದಗಿಸುವ ಅಂತರಜಾಲದ ದತ್ತಸಂಚಯವಾಗಿದೆ. ಹಾಡಿದವರು ಯಾರು, ರಚಿಸಿದವರು ಯಾರು, ಯಾವ ಮುದ್ರಿಕೆಯಲ್ಲಿ ಅದು ಎಷ್ಟನೆಯ ಹಾಡು, ಅವಧಿ ಎಷ್ಟು, ಮುದ್ರಿಕೆಯನ್ನು ಹೊರತಂದ ಸಂಸ್ಥೆ ಯಾವುದು ಎಂಬ ವಿವರಗಳು ಇದರಲ್ಲಿ ದೊರೆಯುತ್ತವೆ. ಹಾಡುಗಳು ಮಾತ್ರ ದೊರೆಯುವುದಿಲ್ಲ. ವಿಕಿಪೀಡಿಯದಂತೆ ಇದನ್ನೂ ಸ್ವಯಂಸೇವಕರೇ ಬರೆದು, ತಿದ್ದಿ, ಬೆಳೆಸುತ್ತಾರೆ. ಇದನ್ನು ಆರಂಭಿಸಿದವರು ಅಮೆರಿಕದ ತಂತ್ರಾಂಶ ತಜ್ಞ ರಾಬರ್ಟ್ ಕೇ. 2004ರಿಂದ ಕ್ಯಾಲಿಫೋರ್ನಿಯದಲ್ಲಿ ನೋಂದಾಯಿತವಾದ ಮೆಟಾಬ್ರೇನ್ಜ್ ಫೌಂಡೇಶನ್ ಎಂಬ ಲಾಭರಹಿತ ಸಂಸ್ಥೆಯು ಇದರ ಹೊಣೆಯನ್ನು ಹೊತ್ತಿದೆ. ಇಂದು ಈ ಸಂಚಯದಲ್ಲಿ 20 ಲಕ್ಷಕ್ಕೂ ಹೆಚ್ಚು ಕಲಾವಿದರ ಮತ್ತು 2 ಕೋಟಿಗೂ ಹೆಚ್ಚು ಧ್ವನಿಮುದ್ರಣಗಳ ದಾಖಲೆಗಳಿವೆ.

ಸಂಗೀತಾಸಕ್ತರು ಬಿಡುವಿನ ವೇಳೆಯಲ್ಲಿ ಕೂಡಿಹಾಕಿದ ಮಾಹಿತಿಯು ಯಾರ ಸ್ವತ್ತು ಎಂಬ ವಿವಾದದಿಂದಲೇ ಈ ಯೋಜನೆ ಹುಟ್ಟಿತು. ಆದುದರಿಂದ ಇದಕ್ಕೆ ಮೊದಲು ಇದ್ದ ಸಿಡಿಡಿಬಿ ಎಂಬ ಸಂಚಯದ ಕಥೆಯನ್ನು ಅರಿಯದೆ ಮ್ಯೂಸಿಕ್‌ಬ್ರೇನ್ಜ್‌ನ ನಿಯಮಗಳು ಏಕೆ ಹಾಗಿವೆ ಎಂಬುದು ತಿಳಿಯುವುದಿಲ್ಲ.

ಹಿನ್ನೆಲೆ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಜೊತೆಗೂಡಿ ರೂಪಿಸಿದ ಸಿ.ಡಿ. 1982ರಲ್ಲಿ ಮಾರುಕಟ್ಟೆಗೆ ಬಂದಿತು. ಅದರ ಮೂಲ ವಿನ್ಯಾಸದಲ್ಲಿ ಒಂದು ಕೊರತೆಯಿತ್ತು. ಸಿ.ಡಿ.ಯಲ್ಲಿ ಒಟ್ಟು ಎಷ್ಟು ಹಾಡುಗಳಿವೆ, ಪ್ರತಿಯೊಂದೂ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ತಿಳಿಸುವ ಪುಟ್ಟ ಪರಿವಿಡಿಯೊಂದು ತಟ್ಟೆಯ ಒಳಭಾಗದಲ್ಲಿ ಇರುತ್ತದೆ. ಆದರೆ ಆ ಪರಿವಿಡಿಯಲ್ಲಿ ಇರುವುದು ಬರಿಯ ಅಂಕಿಗಳು. ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಅಲ್ಲಿ ಇಲ್ಲ. ಹೆಸರುಗಳು ಹೊದಿಕೆಯ ಕಾಗದದ ಮೇಲೆ ಅಚ್ಚಾಗಿರುತ್ತಿದ್ದವು. ತಟ್ಟೆಯನ್ನು ಸಂಗೀತ ಪೆಟ್ಟಿಗೆಯಲ್ಲಿ ಹಾಕಿ ಕೇಳುವವರಿಗೆ ಇದರಿಂದ ತೊಂದರೆಯಿರಲಿಲ್ಲ. ಹೆಸರುಗಳನ್ನು ತಟ್ಟೆಯಲ್ಲಿಯೇ ಬರೆಯುವ ಸಿಡಿ-ಟೆಕ್ಸ್ಟ್ ಎಂಬ ವ್ಯವಸ್ಥೆ ಆಮೇಲೆ ಬಂದಿತಾದರೂ ಅದು ವ್ಯಾಪಕವಾಗಿ ಬಳಕೆಗೆ ಬರಲಿಲ್ಲ.

1990ರ ದಶಕದಲ್ಲಿ ಗಣಕಯಂತ್ರಗಳಲ್ಲಿ ಸಿ.ಡಿ. ಕೇಳುವ ರೂಢಿ ಬೆಳೆದಾಗ ಈ ಕೊರತೆ ಎದ್ದುಕಂಡಿತು. ಪರದೆಯ ಮೇಲೆ ಒಂದು, ಎರಡು, ಮೂರು ಎಂಬ ಅಂಕಿಗಳಷ್ಟೇ ಮೂಡುತ್ತಿದ್ದವು. 1993ರಲ್ಲಿ ಟಿ ಕಾನ್ ಎಂಬವರು ಯುನಿಕ್ಸ್ ಗಣಕಗಳಿಗಾಗಿ ಎಕ್ಸ್‌ಎಂಸಿಡಿ ಎಂಬ ತಂತ್ರಾಂಶವನ್ನು ಬರೆದರು. ಕೇಳುಗನು ಹೆಸರುಗಳನ್ನು ಒಮ್ಮೆ ಬೆರಳಚ್ಚಿಸಿದರೆ ಅದು ನೆನಪಿಟ್ಟುಕೊಳ್ಳುತ್ತಿತ್ತು. ಹಾಗೆ ಬರೆದ ಪಟ್ಟಿಯನ್ನು ಮಿಂಚಂಚೆಯಲ್ಲಿ ಕಳುಹಿಸಿದರೆ ಮುಂದಿನ ಆವೃತ್ತಿಯ ಜೊತೆಗೆ ಅದು ಎಲ್ಲರಿಗೂ ತಲುಪುತ್ತಿತ್ತು. ಪಟ್ಟಿಗಳು ಬೆಳೆದಂತೆ ಸ್ಟೀವ್ ಶರ್ಫ್ ಅವರ ನೆರವಿನಿಂದ ಅದು ಅಂತರಜಾಲದ ಸೇವೆಯಾಗಿ ಮಾರ್ಪಟ್ಟಿತು. ಇದೇ ಸಿಡಿಡಿಬಿ. ಒಬ್ಬರು ಶ್ರಮಪಟ್ಟು ಬರೆದ ಪಟ್ಟಿಯು ಅದೇ ಸಿ.ಡಿ.ಯನ್ನು ಕೊಂಡ ಸಾವಿರಾರು ಮಂದಿಯ ಪರದೆಯ ಮೇಲೆ ಕ್ಷಣಾರ್ಧದಲ್ಲಿ ಮೂಡುತ್ತಿತ್ತು.

ಸಿ.ಡಿ.ಗೆ ತನ್ನದೆಂಬ ಗುರುತುಸಂಖ್ಯೆ ಇಲ್ಲದ್ದರಿಂದ ಪರಿವಿಡಿಯ ಅಂಕಿಗಳಿಂದಲೇ ಒಂದು ಸಂಖ್ಯೆಯನ್ನು ಹುಟ್ಟಿಸುವ ಉಪಾಯವನ್ನು ಸಿಡಿಡಿಬಿ ಕಂಡುಕೊಂಡಿತು. ಪ್ರತಿಯೊಂದು ಹಾಡು ಆರಂಭವಾಗುವ ಸೆಕೆಂಡಿನ ಅಂಕಿಗಳನ್ನು ಬಿಡಿಬಿಡಿಯಾಗಿ ಕೂಡಿ, ಬಂದ ಮೊತ್ತವನ್ನು 255ರಿಂದ ಭಾಗಿಸಿ ಉಳಿದ ಶೇಷ, ತಟ್ಟೆಯ ಒಟ್ಟು ಅವಧಿ, ಹಾಡುಗಳ ಸಂಖ್ಯೆ ಈ ಮೂರನ್ನು ಜೋಡಿಸಿದರೆ ಎಂಟು ಅಕ್ಷರಗಳ ಗುರುತು ಸಿದ್ಧವಾಗುತ್ತಿತ್ತು. ಉಪಾಯ ಸರಳವಾದದ್ದು, ದೋಷವೂ ಅಲ್ಲಿಯೇ ಇತ್ತು. ಹಾಡುಗಳ ಸಂಖ್ಯೆ ಮತ್ತು ಒಟ್ಟು ಅವಧಿ ಹೊಂದಿಕೊಂಡ ಬೇರೆ ಬೇರೆ ತಟ್ಟೆಗಳಿಗೆ ಒಂದೇ ಗುರುತು ಬರುವುದು ಅಪರೂಪವಾಗಿರಲಿಲ್ಲ.

ಇನ್ನೊಂದು ಕೊರತೆ ನಮ್ಮ ಸಂಗೀತದ ಕೇಳುಗರಿಗೆ ಹೆಚ್ಚು ತಟ್ಟುವಂಥದು. ಸಿಡಿಡಿಬಿಯಲ್ಲಿ ಇದ್ದ ವರ್ಗಗಳು ಒಟ್ಟು 11: ರಾಕ್, ಜಾಝ್, ಬ್ಲೂಸ್, ರೆಗೆ, ಕಂಟ್ರಿ, ಜಾನಪದ, ಶಾಸ್ತ್ರೀಯ, ಚಲನಚಿತ್ರ, ನ್ಯೂ ಏಜ್, ದತ್ತಾಂಶ, ಇತರೆ. ‘ಶಾಸ್ತ್ರೀಯ’ ಎಂದರೆ ಅಲ್ಲಿ ಐರೋಪ್ಯ ಶಾಸ್ತ್ರೀಯ ಸಂಗೀತವೆಂದೇ ರೂಢಿ. ಒಂದು ಕರ್ನಾಟಕ ಸಂಗೀತ ಕಛೇರಿಯ ತಟ್ಟೆಯನ್ನು ಇವುಗಳಲ್ಲಿ ಎಲ್ಲಿಗೆ ಸೇರಿಸಬೇಕು? ಅದಕ್ಕಿಂತ ಹೆಚ್ಚಾಗಿ, ಒಂದು ತಟ್ಟೆಗೆ ‘ಕಲಾವಿದರು / ಶೀರ್ಷಿಕೆ’ ಎಂಬ ಒಂದೇ ಸಾಲು ಮೀಸಲಾಗಿತ್ತು. ವಾಗ್ಗೇಯಕಾರರಿಗೆ, ರಾಗಕ್ಕೆ, ತಾಳಕ್ಕೆ, ಪಕ್ಕವಾದ್ಯದವರಿಗೆ ಪ್ರತ್ಯೇಕ ಸ್ಥಳವೇ ಇರಲಿಲ್ಲ. ಬರೆಯುವವರು ಎಲ್ಲವನ್ನೂ ಹಾಡಿನ ಹೆಸರಿನ ಸಾಲಿನಲ್ಲಿಯೇ ತುರುಕುತ್ತಿದ್ದರು.

ಒಡೆತನದ ಪ್ರಶ್ನೆ

1998ರಲ್ಲಿ ಸಿಡಿಡಿಬಿಯನ್ನು ಎಸ್ಸಿಯೆಂಟ್ ಎಂಬ ಸಂಸ್ಥೆ ಕೊಂಡುಕೊಂಡಿತು. 2000ದಲ್ಲಿ ಅದಕ್ಕೆ ಗ್ರೇಸ್‌ನೋಟ್ ಎಂದು ಹೆಸರಾಯಿತು. ಸಂಚಯವನ್ನು ಬಳಸಿಕೊಳ್ಳುವ ತಂತ್ರಾಂಶಗಳ ಮೇಲೆ ಒಂದೊಂದಾಗಿ ಷರತ್ತುಗಳು ಬಂದವು. 2001ರಲ್ಲಿ ಪರವಾನಗಿ ಪಡೆಯದ ತಂತ್ರಾಂಶಗಳಿಗೆ ಪ್ರವೇಶವೇ ಮುಚ್ಚಿತು. 2008ರಲ್ಲಿ ಗ್ರೇಸ್‌ನೋಟನ್ನು ಸೋನಿ ಸಂಸ್ಥೆಯು ಸುಮಾರು 26 ಕೋಟಿ ಡಾಲರುಗಳಿಗೆ ಕೊಂಡಿತು.

ಹಲವು ಕೋರಿಕೆಗಳಿಗೆ ಒಮ್ಮೆಗೇ ಉತ್ತರಿಸುವ ಸರ್ವರುಗಳನ್ನು ನಡೆಸಲು ಹಣ ಬೇಕೆಂಬುದು ಸುಳ್ಳಲ್ಲ. ಆದರೆ ಪಟ್ಟಿಗಳನ್ನು ಬರೆದು ಕಳುಹಿಸಿದ್ದವರು ಅವು ಎಲ್ಲರಿಗೂ ಸೇರಿದವು ಎಂಬ ನಂಬಿಕೆಯಿಂದ ಬರೆದಿದ್ದರು. ಆ ನಂಬಿಕೆಯನ್ನು ಕಾಯುವ ಒಂದು ಗಟ್ಟಿ ಕರಾರು ಇರಲಿಲ್ಲ. ಪಟ್ಟಿಗಳ ಹಳೆಯ ಪ್ರತಿಗಳು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಹೊರಬಂದಿದ್ದರಿಂದ ಅವಿಷ್ಟು ಉಳಿದವು. ಅವುಗಳ ಆಧಾರದ ಮೇಲೆಯೇ ಫ್ರೀಡಿಬಿ ಎಂಬ ಪರ್ಯಾಯ ಸಂಚಯ ಹುಟ್ಟಿತು. ಅದು ಸಿಡಿಡಿಬಿಯ ರಚನೆಯನ್ನು ಇದ್ದಕ್ಕಿದ್ದಂತೆ ಉಳಿಸಿಕೊಂಡಿತು: ಅದೇ ಎಂಟಕ್ಷರದ ಗುರುತು, ಅದೇ 11 ವರ್ಗಗಳು. 2006ರಲ್ಲಿ ಮ್ಯಾಜಿಕ್ಸ್ ಎಂಬ ಜರ್ಮನ್ ಸಂಸ್ಥೆಯ ಕೈಸೇರಿದ ಫ್ರೀಡಿಬಿ 2020ರಲ್ಲಿ ನಿಂತುಹೋಯಿತು.

ರಾಬರ್ಟ್ ಕೇ ಹಿಡಿದದ್ದು ಬೇರೆ ದಾರಿ. ಆರಂಭದಲ್ಲಿ ‘ಸಿಡಿ ಇಂಡೆಕ್ಸ್’ ಎಂಬ ಹೆಸರಿನಲ್ಲಿ ಅವರು ಸಿಡಿಡಿಬಿಗೆ ಬದಲಿಯನ್ನಷ್ಟೇ ಯೋಚಿಸಿದ್ದರು. ಅದು ಬೆಳೆದು ಮ್ಯೂಸಿಕ್‌ಬ್ರೇನ್ಜ್ ಆದಾಗ, ತಟ್ಟೆಗಳ ಪಟ್ಟಿ ಎಂಬ ಕಲ್ಪನೆಯನ್ನು ಬಿಟ್ಟು ಸಂಗೀತದ ಸಂಬಂಧಗಳನ್ನು ದಾಖಲಿಸುವ ಸಂಚಯವಾಗಿ ರೂಪಾಂತರಗೊಂಡಿತು. ತಟ್ಟೆಯ ಗುರುತಿನ ಲೆಕ್ಕವನ್ನೂ ಹೊಸದಾಗಿ ಕಟ್ಟಲಾಯಿತು. ಪ್ರತಿ ಹಾಡಿನ ಆರಂಭಸ್ಥಾನವನ್ನು ಸೆಕೆಂಡಿನ 75ನೆಯ ಒಂದು ಭಾಗದಷ್ಟು ನಿಖರವಾಗಿ ತೆಗೆದುಕೊಂಡು 28 ಅಕ್ಷರಗಳ ಗುರುತನ್ನು ಹುಟ್ಟಿಸುವ ಈ ಕ್ರಮದಲ್ಲಿ, ಬೇರೆ ಬೇರೆ ಪರಿವಿಡಿಗಳಿಗೆ ಒಂದೇ ಗುರುತು ಬರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ಪರವಾನಗಿ ಮತ್ತು ಹಣಕಾಸು

ಸಂಚಯದ ಮುಖ್ಯ ದತ್ತಾಂಶವು ಸಿಸಿ ಝೀರೋ ಎಂಬ ಘೋಷಣೆಯಡಿ ಇದೆ. ಕಲಾವಿದರು, ಕೃತಿಗಳು, ಧ್ವನಿಮುದ್ರಣಗಳು, ಅವುಗಳ ಪರಸ್ಪರ ಸಂಬಂಧಗಳು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಯಾವ ಉದ್ದೇಶಕ್ಕಾದರೂ ಬಳಸಬಹುದು. ಕೇಳುಗರು ಕೊಟ್ಟ ಅಂಕ, ಟಿಪ್ಪಣಿ, ಸಂಪಾದನೆಯ ಇತಿಹಾಸ ಮೊದಲಾದ ಪೂರಕ ದತ್ತಾಂಶವು ವಾಣಿಜ್ಯೇತರ ಬಳಕೆಗೆ ಸೀಮಿತವಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇದೆ. ಸರ್ವರಿನ ತಂತ್ರಾಂಶವೂ ಜಿಪಿಎಲ್ ಅಡಿಯಲ್ಲಿ ಮುಕ್ತವಾಗಿದೆ.

ಕರಾರಿಗಿಂತ ಬಲವಾದ ಭದ್ರತೆ ಇನ್ನೊಂದಿದೆ. ಇಡೀ ಸಂಚಯದ ಪ್ರತಿಯನ್ನು ವಾರಕ್ಕೆ ಎರಡು ಬಾರಿ ಸಾರ್ವಜನಿಕವಾಗಿ ಬಿಡುಗಡೆ ಮಾಡಲಾಗುತ್ತದೆ. ನಾಳೆ ಸಂಸ್ಥೆಯೇ ಮುಚ್ಚಿಹೋದರೂ, ಅಥವಾ ಯಾರಾದರೂ ಅದನ್ನು ಕೊಂಡು ಬಾಗಿಲು ಹಾಕಿದರೂ, ಕೊನೆಯ ಪ್ರತಿಯನ್ನು ಇಟ್ಟುಕೊಂಡವರು ಅಲ್ಲಿಂದ ಮುಂದುವರಿಸಬಹುದು. ಸಿಡಿಡಿಬಿಯಲ್ಲಿ ಆದದ್ದು ಇಲ್ಲಿ ಮರುಕಳಿಸಬಾರದು ಎಂಬುದೇ ಈ ಏರ್ಪಾಟಿನ ಉದ್ದೇಶ.

ಎಲ್ಲವನ್ನೂ ಉಚಿತವಾಗಿ ಕೊಟ್ಟರೆ ಸರ್ವರಿನ ವೆಚ್ಚ ಯಾರು ಭರಿಸಬೇಕು ಎಂಬ ಪ್ರಶ್ನೆಗೆ ಫೌಂಡೇಶನ್ ಕಂಡುಕೊಂಡ ಉತ್ತರ ಕುತೂಹಲಕರವಾದದ್ದು. ದತ್ತಾಂಶಕ್ಕೆ ಬೆಲೆಯಿಲ್ಲ, ತಾಜಾತನಕ್ಕೆ ಬೆಲೆಯಿದೆ. ಗಂಟೆ ಗಂಟೆಗೂ ಆದ ಬದಲಾವಣೆಗಳನ್ನು ತಮ್ಮ ಪ್ರತಿಗೆ ಸೇರಿಸಿಕೊಳ್ಳುತ್ತಾ ಹೋಗಲು ಬಯಸುವ ವಾಣಿಜ್ಯ ಸಂಸ್ಥೆಗಳು ಶುಲ್ಕ ಕೊಡುತ್ತವೆ. ವ್ಯಕ್ತಿಗಳಿಗೆ ಮತ್ತು ವಾಣಿಜ್ಯೇತರ ಬಳಕೆಗೆ ಅದೂ ಉಚಿತ. ಬ್ರಿಟನ್ನಿನ ಬಿಬಿಸಿ 2007ರಲ್ಲಿ ಇಂತಹ ಒಪ್ಪಂದ ಮಾಡಿಕೊಂಡು ತನ್ನ ಸಂಗೀತ ಪುಟಗಳಲ್ಲಿ ಕಲಾವಿದರ ಗುರುತಿಗೆ ಮ್ಯೂಸಿಕ್‌ಬ್ರೇನ್ಜ್‌ನ ಸಂಖ್ಯೆಯನ್ನೇ ಬಳಸಿತು. ಬಿಬಿಸಿಯ ಸಿಬ್ಬಂದಿಗೆ ಆ ಪುಟಗಳಲ್ಲಿ ತಪ್ಪು ಕಂಡರೆ ಅವರು ಮ್ಯೂಸಿಕ್‌ಬ್ರೇನ್ಜ್‌ಗೆ ಬಂದು ಎಲ್ಲರಂತೆ ತಿದ್ದಬೇಕಾಗಿತ್ತು. ಶುಲ್ಕ ವಸೂಲಿಯ ಕಷ್ಟವೂ ಇಲ್ಲದಿಲ್ಲ. ದೊಡ್ಡ ಸಂಸ್ಥೆಯೊಂದು ಮೂರು ವರ್ಷವಾದರೂ ಬಿಲ್ಲು ತೀರಿಸದಿದ್ದಾಗ, ಆ ಬಿಲ್ಲಿನ ಮೂರನೆಯ ಹುಟ್ಟುಹಬ್ಬಕ್ಕೆ ಶುಭಾಶಯ ಬರೆಸಿದ ಕೇಕೊಂದನ್ನು ಕೇ ಅವರು ಆ ಸಂಸ್ಥೆಗೆ ಕಳುಹಿಸಿದ ಪ್ರಸಂಗ ಅಂತರಜಾಲದಲ್ಲಿ ಬಹಳ ಪ್ರಚಾರ ಪಡೆಯಿತು.

ದತ್ತಾಂಶದ ರಚನೆ

2011ರ ಮೇ ತಿಂಗಳಿನಲ್ಲಿ ಸಂಚಯದ ರಚನೆಯನ್ನು ಬುಡದಿಂದ ಬದಲಾಯಿಸಲಾಯಿತು. ಅಂದಿನಿಂದ ಜಾರಿಯಲ್ಲಿರುವ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಒಂದು ‘ಕೃತಿ’. ಅದನ್ನು ಎಂ. ಎಸ್. ಸುಬ್ಬುಲಕ್ಷ್ಮಿಯವರು ಕರ್ನಾಟಕ ಶೈಲಿಯಲ್ಲಿ ಹಾಡಿದ್ದಾರೆ, ಭೀಮಸೇನ ಜೋಶಿಯವರು ಹಿಂದೂಸ್ತಾನಿ ಶೈಲಿಯಲ್ಲಿ ಹಾಡಿದ್ದಾರೆ. ಇವು ಎರಡು ‘ಧ್ವನಿಮುದ್ರಣಗಳು’. ಒಂದು ಧ್ವನಿಮುದ್ರಣ ಮೊದಲು ಕ್ಯಾಸೆಟ್ಟಿನಲ್ಲಿ, ಆಮೇಲೆ ಸಿ.ಡಿ.ಯಲ್ಲಿ, ಅನಂತರ ಹತ್ತಾರು ಗಾಯಕರ ಭಕ್ತಿಗೀತೆಗಳ ಸಂಗ್ರಹದಲ್ಲಿ ಹೊರಬರಬಹುದು. ಈ ಒಂದೊಂದೂ ಒಂದು ‘ಪ್ರಕಟಣೆ’. ಅದೇ ಆಲ್ಬಮಿನ ಕ್ಯಾಸೆಟ್ ಮತ್ತು ಸಿ.ಡಿ. ಆವೃತ್ತಿಗಳನ್ನು ‘ಪ್ರಕಟಣಾ ಗುಂಪು’ ಎಂಬ ಹೆಸರಿನಲ್ಲಿ ಒಟ್ಟಿಗೆ ಇರಿಸಲಾಗುತ್ತದೆ. ಹೀಗೆ ಕೃತಿ, ಧ್ವನಿಮುದ್ರಣ, ಪ್ರಕಟಣೆ ಎಂಬ ಮೂರು ಹಂತಗಳನ್ನು ಬೇರ್ಪಡಿಸಿದ್ದರಿಂದ, ಒಂದು ದೇವರನಾಮವನ್ನು ಯಾರು ಯಾರು ಹಾಡಿದ್ದಾರೆ ಎಂಬ ಪ್ರಶ್ನೆಗೆ ಸಂಚಯವು ತಾನಾಗಿ ಉತ್ತರಿಸಬಲ್ಲದು. ಬರಿಯ ಪಟ್ಟಿಗಳ ಸಂಗ್ರಹಕ್ಕೆ ಇದು ಸಾಧ್ಯವಿರಲಿಲ್ಲ.

ಕಲಾವಿದ, ಕೃತಿ, ಧ್ವನಿಮುದ್ರಣ, ಪ್ರಕಟಣೆ, ಪ್ರಕಾಶನ ಸಂಸ್ಥೆ, ಸ್ಥಳ, ಕಾರ್ಯಕ್ರಮ, ವಾದ್ಯ ಇವುಗಳಲ್ಲಿ ಪ್ರತಿಯೊಂದು ನಮೂದಿಗೂ 36 ಅಕ್ಷರಗಳ ಶಾಶ್ವತ ಗುರುತುಸಂಖ್ಯೆಯೊಂದು ದೊರೆಯುತ್ತದೆ. ಇದನ್ನು ಎಂಬಿಐಡಿ ಎನ್ನುತ್ತಾರೆ. ಹೆಸರನ್ನು ನಂಬಿ ಗುರುತು ಹಿಡಿಯುವುದು ಸಂಗೀತದಲ್ಲಿ ಅಪಾಯಕಾರಿ. ‘ನಿರ್ವಾಣ’ ಎಂಬ ಹೆಸರಿನಲ್ಲಿ 1960ರ ದಶಕದ ಬ್ರಿಟಿಷ್ ತಂಡವೊಂದಿದೆ, 1987ರಲ್ಲಿ ಆರಂಭವಾದ ಪ್ರಸಿದ್ಧ ಅಮೆರಿಕನ್ ತಂಡವೂ ಇದೆ. ಎರಡಕ್ಕೂ ಬೇರೆ ಬೇರೆ ಸಂಖ್ಯೆಗಳಿರುವುದರಿಂದ ಗೊಂದಲಕ್ಕೆ ಅವಕಾಶವಿಲ್ಲ. ಒಬ್ಬರೇ ಕಲಾವಿದರಿಗೆ ತಪ್ಪಿ ಎರಡು ನಮೂದುಗಳಾಗಿದ್ದರೆ ಅವುಗಳನ್ನು ಒಂದುಗೂಡಿಸಲಾಗುತ್ತದೆ. ಹಳೆಯ ಸಂಖ್ಯೆಯು ಆಮೇಲೂ ಹೊಸದರ ಕಡೆಗೆ ದಾರಿ ತೋರಿಸುತ್ತಿರುತ್ತದೆ. ವಿಕಿಡೇಟಾದಲ್ಲಿಯೂ ಕಲಾವಿದರ ಎಂಬಿಐಡಿಯನ್ನು ದಾಖಲಿಸುವ ಏರ್ಪಾಟಿದೆ.

ಸಂಪಾದನೆ ಮತ್ತು ಮತದಾನ

ಖಾತೆ ತೆರೆದ ಯಾರಾದರೂ ಸಂಪಾದಕರಾಗಬಹುದು. ಹೊಸ ನಮೂದುಗಳನ್ನು ಸೇರಿಸುವ ಸಂಪಾದನೆಗಳಲ್ಲಿ ಹೆಚ್ಚಿನವು ಒಡನೆಯೇ ಜಾರಿಗೆ ಬರುತ್ತವೆ. ಇರುವುದನ್ನು ಅಳಿಸುವ, ಒಂದುಗೂಡಿಸುವ ಅಥವಾ ಗಣನೀಯವಾಗಿ ಬದಲಿಸುವ ಸಂಪಾದನೆಗಳು ಮಾತ್ರ 7 ದಿನಗಳ ಕಾಲ ಮತಕ್ಕೆ ತೆರೆದಿರುತ್ತವೆ. ಇತರ ಸಂಪಾದಕರು ಒಪ್ಪಿಗೆ, ವಿರೋಧ ಅಥವಾ ತಟಸ್ಥ ಮತ ನೀಡಬಹುದು. ಒಮ್ಮತದ ಮೂರು ಮತಗಳು ಬಿದ್ದರೆ ಅವಧಿಗೆ ಮೊದಲೇ ತೀರ್ಮಾನವಾಗುತ್ತದೆ. ಯಾರೂ ಮತ ನೀಡದಿದ್ದರೆ ಅವಧಿ ಮುಗಿದ ಮೇಲೆ ಸಂಪಾದನೆ ತಾನಾಗಿ ಸ್ವೀಕೃತವಾಗುತ್ತದೆ. ಅನುಭವಿಗಳಲ್ಲಿ ಕೆಲವರನ್ನು ಸಮುದಾಯವೇ ಚುನಾಯಿಸಿ ‘ಸ್ವಯಂ ಸಂಪಾದಕ’ ಪದವಿ ಕೊಡುತ್ತದೆ. ಅವರ ಬಹುಪಾಲು ಸಂಪಾದನೆಗಳಿಗೆ ಕಾಯುವ ಅಗತ್ಯವಿಲ್ಲ.

ಪ್ರತಿ ಸಂಪಾದನೆಯ ಜೊತೆಗೆ ಮಾಹಿತಿ ಎಲ್ಲಿಂದ ಬಂತೆಂಬ ಟಿಪ್ಪಣಿ ಬರೆಯಬೇಕೆಂದು ಅಪೇಕ್ಷಿಸಲಾಗುತ್ತದೆ. ‘ನನ್ನ ಬಳಿಯಿರುವ ಕ್ಯಾಸೆಟ್ಟಿನ ಹೊದಿಕೆಯಿಂದ’ ಎಂಬ ಒಂದು ಸಾಲು ಸಾಕು. ಆದರೆ ಹತ್ತು ವರ್ಷಗಳ ಮೇಲೆ ಆ ಮಾಹಿತಿಯನ್ನು ಯಾರಾದರೂ ಪ್ರಶ್ನಿಸಿದಾಗ ಆ ಒಂದು ಸಾಲೇ ಸಾಕ್ಷಿಯಾಗಿ ನಿಲ್ಲುತ್ತದೆ. ಹೊಸ ಸಂಪಾದಕರು ಈ ಟಿಪ್ಪಣಿಯನ್ನು ಅಲಕ್ಷಿಸುವುದೇ ಹೆಚ್ಚು.

ಕನ್ನಡದ ಹಳೆಯ ಧ್ವನಿಸುರುಳಿಗಳ ವಿಷಯದಲ್ಲಿ ಇದರ ಮಹತ್ವ ಹೆಚ್ಚು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದ ಮೇಲೆ ಭಾವಗೀತೆಗಳ ಕ್ಯಾಸೆಟ್ಟುಗಳು ಮನೆಮನೆಗೆ ತಲುಪಿದವು. ಆ ಕಾಲದ ಅನೇಕ ಕ್ಯಾಸೆಟ್ಟುಗಳಲ್ಲಿ ಯಾರು ಹಾಡಿದರು, ಯಾರು ವಾದ್ಯ ನುಡಿಸಿದರು ಎಂಬುದಕ್ಕೆ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಬಿಟ್ಟರೆ ಬೇರೆ ಆಧಾರ ಸಿಗುವುದು ಕಷ್ಟ. ಟೇಪು ಹಾಳಾದಾಗ ಜನರು ಡಬ್ಬಿಯ ಸಮೇತ ಎಸೆಯುತ್ತಾರೆ.

ಕ್ಯಾಸೆಟ್ಟಿಗೆ ಸಿ.ಡಿ.ಯಂತೆ ಪರಿವಿಡಿಯಿಲ್ಲ, ಆದುದರಿಂದ ಎಲ್ಲವನ್ನೂ ಕೈಯಿಂದಲೇ ಬರೆಯಬೇಕು. ಪ್ರಕಟಣೆಯ ಮಾಧ್ಯಮವನ್ನು ಕ್ಯಾಸೆಟ್ ಎಂದು ಆರಿಸಿ, ಮೊದಲ ಮಗ್ಗುಲಿನ ಹಾಡುಗಳಿಗೆ ಎ1, ಎ2 ಎಂದೂ ಎರಡನೆಯ ಮಗ್ಗುಲಿಗೆ ಬಿ1, ಬಿ2 ಎಂದೂ ಸಂಖ್ಯೆ ಕೊಡುವುದು ರೂಢಿ. ಹೆಸರುಗಳನ್ನು ಹೊದಿಕೆಯಲ್ಲಿ ಅಚ್ಚಾದ ಲಿಪಿಯಲ್ಲಿಯೇ ಬರೆಯಬೇಕು: ಕನ್ನಡದಲ್ಲಿದ್ದರೆ ಕನ್ನಡದಲ್ಲಿ. ಪ್ರಕಟಣೆಯ ಭಾಷೆ ಮತ್ತು ಲಿಪಿ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಲು ಅವಕಾಶವಿದೆ. ಪ್ರಕಾಶನ ಸಂಸ್ಥೆಯ ಹೆಸರು ಮತ್ತು ಸರಣಿ ಸಂಖ್ಯೆ ಕಾಗದದ ಬೆನ್ನಿನ ಮೇಲೆ ಸಿಗುತ್ತವೆ. ವರ್ಷ ಮಾತ್ರ ತಿಳಿದಿದ್ದರೆ ವರ್ಷವನ್ನಷ್ಟೇ ಬರೆಯಬಹುದು. ಹಾಡಿನ ಅವಧಿ ತಿಳಿಯದಿದ್ದರೆ ಖಾಲಿ ಬಿಡಬಹುದು. ಊಹಿಸಿ ತುಂಬಿಸುವುದಕ್ಕಿಂತ ಖಾಲಿ ಬಿಡುವುದೇ ಮೇಲು. ಹೊದಿಕೆಯ ಎರಡೂ ಬದಿಯ ಚಿತ್ರಗಳನ್ನು ‘ಕವರ್ ಆರ್ಟ್ ಆರ್ಕೈವ್’ ಎಂಬ ಭಂಡಾರಕ್ಕೆ ಏರಿಸಬಹುದು. ಇದನ್ನು ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ಜೊತೆಗೂಡಿ 2012ರಲ್ಲಿ ಆರಂಭಿಸಲಾಯಿತು. ಚಿತ್ರಗಳ ಮೇಲಿನ ಹಕ್ಕು ಮೂಲ ಒಡೆಯರದೇ ಆಗಿ ಉಳಿಯುತ್ತದೆ.

ಕರ್ನಾಟಕ ಸಂಗೀತ ಮತ್ತು ಕನ್ನಡ

ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಷಾವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಿಂದ 2017ರವರೆಗೆ ‘ಕಾಂಪ್‌ಮ್ಯೂಸಿಕ್’ ಎಂಬ ಸಂಶೋಧನಾ ಯೋಜನೆ ನಡೆಯಿತು. ಕರ್ನಾಟಕ, ಹಿಂದೂಸ್ತಾನಿ, ತುರ್ಕಿಯ ಮಕಾಮ್, ಅರಬ್-ಆಂದಲೂಸಿ ಮತ್ತು ಬೀಜಿಂಗ್ ಸಂಗೀತನಾಟಕ ಈ ಐದು ಪರಂಪರೆಗಳನ್ನು ಗಣಕದ ನೆರವಿನಿಂದ ಅಧ್ಯಯನ ಮಾಡುವುದು ಅದರ ಗುರಿ. ಮದ್ರಾಸು ಮತ್ತು ಬೊಂಬಾಯಿಯ ಐಐಟಿಗಳು ಇದರಲ್ಲಿ ಪಾಲ್ಗೊಂಡಿದ್ದವು. ಸಂಗ್ರಹಿಸಿದ ಕಛೇರಿ ಮುದ್ರಣಗಳ ವಿವರಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳದೆ ಮ್ಯೂಸಿಕ್‌ಬ್ರೇನ್ಜ್‌ನಲ್ಲಿ ದಾಖಲಿಸಲು ಈ ಸಂಶೋಧಕರು ನಿರ್ಧರಿಸಿದರು. ಇಂದು ಕೃತಿಯ ನಮೂದಿಗೆ ಕರ್ನಾಟಕ ರಾಗ, ಕರ್ನಾಟಕ ತಾಳ ಎಂಬ ಪ್ರತ್ಯೇಕ ಲಕ್ಷಣಗಳನ್ನು ಸೇರಿಸಬಹುದು. ಹಿಂದೂಸ್ತಾನಿ ರಾಗ ಮತ್ತು ತಾಳಗಳಿಗೆ ಬೇರೆಯೇ ಪಟ್ಟಿಗಳಿವೆ. ವಾದ್ಯಗಳ ಪಟ್ಟಿಯಲ್ಲಿ ಮೃದಂಗ, ಘಟ, ಖಂಜರಿ ಮೊದಲಾದವು ಸೇರಿವೆ. ಸಿಡಿಡಿಬಿಯ 11 ವರ್ಗಗಳಿಗೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ.

ಆದರೂ ಕೃತಿ ಮತ್ತು ಧ್ವನಿಮುದ್ರಣ ಎಂಬ ವಿಭಜನೆಯು ಸ್ವರಲಿಪಿಯಲ್ಲಿ ಬರೆದಿಟ್ಟ ಐರೋಪ್ಯ ಸಂಗೀತಕ್ಕೆ ಹೊಂದುವಷ್ಟು ಸಲೀಸಾಗಿ ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ. ತ್ಯಾಗರಾಜರ ಅಥವಾ ಮುತ್ತುಸ್ವಾಮಿ ದೀಕ್ಷಿತರ ಕೀರ್ತನೆಯಾದರೆ ಸಾಹಿತ್ಯ, ರಾಗ, ತಾಳಗಳು ಹೆಚ್ಚಾಗಿ ನಿಶ್ಚಿತವಾಗಿರುತ್ತವೆ; ರಾಗವನ್ನು ಕೃತಿಯ ಲಕ್ಷಣವೆಂದು ಬರೆದರೆ ತಪ್ಪಿಲ್ಲ. ದಾಸರ ಪದಗಳ ಸ್ಥಿತಿ ಬೇರೆ. ಅವುಗಳ ಮೂಲ ಮಟ್ಟುಗಳು ಬಹುಮಟ್ಟಿಗೆ ಉಳಿದುಬಂದಿಲ್ಲ. ಒಂದೇ ಪದವನ್ನು ಒಬ್ಬರು ಒಂದು ರಾಗದಲ್ಲಿ, ಮತ್ತೊಬ್ಬರು ಇನ್ನೊಂದು ರಾಗದಲ್ಲಿ ಹಾಡುತ್ತಾರೆ. ಇಲ್ಲಿ ರಾಗವು ಕೃತಿಗೆ ಸೇರಿದ್ದಲ್ಲ, ಹಾಡಿದವರಿಗೆ ಅಥವಾ ಮಟ್ಟು ಹಾಕಿದವರಿಗೆ ಸೇರಿದ್ದು. ಅದನ್ನು ಕೃತಿಯ ನಮೂದಿನಲ್ಲಿ ಬರೆದರೆ ಪುರಂದರದಾಸರೇ ಆ ರಾಗವನ್ನು ನಿರ್ದೇಶಿಸಿದರೆಂಬ ತಪ್ಪು ತಿಳಿವಳಿಕೆಗೆ ದಾರಿಯಾಗುತ್ತದೆ. ಸಾಹಿತ್ಯ ರಚಿಸಿದವರು, ಸ್ವರ ಸಂಯೋಜಿಸಿದವರು ಎಂಬ ಎರಡು ಸಂಬಂಧಗಳನ್ನು ಬೇರೆ ಬೇರೆಯಾಗಿ ದಾಖಲಿಸುವ ಅವಕಾಶ ಸಂಚಯದಲ್ಲಿರುವುದರಿಂದ ಎಚ್ಚರದ ಸಂಪಾದಕರು ಈ ತೊಡಕನ್ನು ನಿವಾರಿಸಿಕೊಳ್ಳಬಹುದು. ಭಾವಗೀತೆಗಳಲ್ಲಿ ಕವಿ ಮತ್ತು ಸಂಯೋಜಕರು ಬೇರೆಯಾಗಿರುವುದರಿಂದ ಅಲ್ಲಿ ಈ ಎರಡು ಸಂಬಂಧಗಳು ಸಹಜವಾಗಿಯೇ ಒಪ್ಪುತ್ತವೆ.

ಆಲಾಪನೆ, ತಾನ, ತನಿ ಆವರ್ತನಗಳದ್ದು ಇನ್ನೊಂದು ಸಮಸ್ಯೆ. ಇವು ಮನೋಧರ್ಮದಿಂದ ಆ ಕ್ಷಣದಲ್ಲಿ ಮೂಡುವಂಥವು. ಸಿ.ಡಿ.ಯಲ್ಲಿ ಇವು ಪ್ರತ್ಯೇಕ ಭಾಗಗಳಾಗಿ ಅಚ್ಚಾಗಿರುತ್ತವೆ. ಆದರೆ ಇವುಗಳ ಹಿಂದೆ ‘ಕೃತಿ’ ಯಾವುದು? ತೋಡಿ ರಾಗದ ಆಲಾಪನೆಗಳನ್ನೆಲ್ಲ ಒಂದೇ ಕೃತಿಯ ಮುದ್ರಣಗಳೆಂದು ಕರೆಯುವುದು ಅಸಂಗತ. ಪ್ರತಿಯೊಂದನ್ನೂ ಬೇರೆ ಕೃತಿಯೆಂದರೂ ಪ್ರಯೋಜನವಿಲ್ಲ.

ಹೆಸರುಗಳ ವಿಷಯದಲ್ಲಿಯೂ ತೊಡಕುಗಳುಂಟು. ಸಂಚಯದಲ್ಲಿ ಪ್ರತಿ ಕಲಾವಿದರಿಗೂ ಅಕಾರಾದಿಯಾಗಿ ಜೋಡಿಸಲು ಅನುಕೂಲವಾಗುವ ‘ವಿಂಗಡಣೆಯ ಹೆಸರು’ ಎಂಬ ಅಂಕಣವಿದೆ. ಪಾಶ್ಚಾತ್ಯರಲ್ಲಿ ಕುಲನಾಮವನ್ನು ಮುಂದಿಟ್ಟು ‘ಬಾಕ್, ಜೋಹಾನ್ ಸೆಬಾಸ್ಟಿಯನ್’ ಎಂದು ಬರೆದರಾಯಿತು. ದಕ್ಷಿಣ ಭಾರತದ ಹೆಸರುಗಳಲ್ಲಿ ಇನಿಷಿಯಲ್ಲುಗಳು ಊರಿನ ಅಥವಾ ತಂದೆತಾಯಿಯ ಹೆಸರಿನ ಸಂಕ್ಷೇಪಗಳು. ಆರ್. ಕೆ. ಶ್ರೀಕಂಠನ್ ಎಂಬಲ್ಲಿ ಮೊದಲ ಅಕ್ಷರ ರುದ್ರಪಟ್ಟಣವನ್ನು, ಎರಡನೆಯದು ತಂದೆ ಕೃಷ್ಣಶಾಸ್ತ್ರಿಗಳನ್ನು ಸೂಚಿಸುತ್ತದೆ; ಶ್ರೀಕಂಠನ್ ಎಂಬುದು ಕುಲನಾಮವಲ್ಲ. ಟಿ. ಚೌಡಯ್ಯನವರ ‘ಟಿ’ ತಿರುಮಕೂಡಲು. ಇನ್ನು ಕನ್ನಡದ ಅನೇಕ ಸಿ.ಡಿ.ಗಳ ಮೇಲೆ ಹೆಸರುಗಳು ಲ್ಯಾಟಿನ್ ಲಿಪಿಯಲ್ಲಿ, ಒಂದೊಂದು ಸಂಸ್ಥೆಯಿಂದ ಒಂದೊಂದು ಕಾಗುಣಿತದಲ್ಲಿ ಅಚ್ಚಾಗಿರುವುದರಿಂದ ಒಬ್ಬರೇ ಗಾಯಕರು ಮೂರು ನಾಲ್ಕು ನಮೂದುಗಳಾಗಿ ಒಡೆದುಹೋಗುವುದುಂಟು. ಒಂದೇ ನಮೂದಿನಡಿ ‘ಪರ್ಯಾಯ ಹೆಸರು’ಗಳನ್ನು ಸೇರಿಸಿ, ಅವುಗಳಲ್ಲಿ ಕನ್ನಡ ಲಿಪಿಯ ಹೆಸರಿಗೆ ಕನ್ನಡ ಭಾಷೆಯ ಗುರುತು ಹಾಕುವುದು ಇದಕ್ಕೆ ಪರಿಹಾರ. ಈ ಕೆಲಸಕ್ಕೆ ತಂತ್ರಜ್ಞಾನ ಬೇಕಿಲ್ಲ. ಕನ್ನಡ ಬಲ್ಲ, ಸಂಗೀತದ ಪರಿಚಯವಿರುವ ಮತ್ತು ತಾಳ್ಮೆಯುಳ್ಳ ಜನ ಬೇಕು.

ಧ್ವನಿಯಿಂದ ಗುರುತಿಸುವಿಕೆ

ಕಡತದ ಹೆಸರು ಅಳಿಸಿಹೋಗಿದ್ದರೂ ಧ್ವನಿಯನ್ನೇ ವಿಶ್ಲೇಷಿಸಿ ಹಾಡನ್ನು ಪತ್ತೆಹಚ್ಚುವ ವಿಧಾನವನ್ನು ಧ್ವನಿಯ ಬೆರಳಗುರುತು ಎನ್ನಬಹುದು. ಮ್ಯೂಸಿಕ್‌ಬ್ರೇನ್ಜ್ ಮೊದಲು ರಿಲೇಟಬಲ್ ಎಂಬ ಸಂಸ್ಥೆಯ ಟಿಆರ್‌ಎಂ ವಿಧಾನವನ್ನು ಬಳಸಿತು. ಸಂಚಯ ಬೆಳೆದಂತೆ ಅದು ಸಾಲದಾಗಿ, 2006ರಲ್ಲಿ ಮ್ಯೂಸಿಕ್‌ಐಪಿ ಎಂಬ ಇನ್ನೊಂದು ಸಂಸ್ಥೆಯ ಸೇವೆಗೆ ಬದಲಾಯಿಸಲಾಯಿತು. ಆ ಸೇವೆಯ ಒಡೆತನ ಕೈಬದಲಾದಾಗ ಅದರ ಭವಿಷ್ಯವೂ ಅನಿಶ್ಚಿತವಾಯಿತು. ಎರಡು ಬಾರಿ ಅನ್ಯರನ್ನು ನೆಚ್ಚಿ ತೊಂದರೆಪಟ್ಟ ಮೇಲೆ, 2011ರಲ್ಲಿ ಲುಕಾಶ್ ಲಲಿನ್‌ಸ್ಕಿ ಅವರು ರೂಪಿಸಿದ ಅಕೌಸ್ಟ್‌ಐಡಿ ಎಂಬ ಮುಕ್ತ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಲಾಯಿತು. ಈ ವಿಧಾನಗಳು ಗುರುತಿಸುವುದು ಧ್ವನಿಮುದ್ರಣವನ್ನು, ಕೃತಿಯನ್ನಲ್ಲ. ಅದೇ ಕೀರ್ತನೆಯನ್ನು ಅದೇ ಗಾಯಕರು ಮತ್ತೊಂದು ಕಛೇರಿಯಲ್ಲಿ ಹಾಡಿದ್ದರೆ ಬೆರಳಗುರುತು ಬೇರೆಯಾಗುತ್ತದೆ.

ಸಂಗ್ರಹಕಾರರು ಹೆಚ್ಚಾಗಿ ಬಳಸುವ ‘ಪಿಕಾರ್ಡ್’ ಎಂಬ ತಂತ್ರಾಂಶವು ತಟ್ಟೆಯ ಗುರುತು ಅಥವಾ ಬೆರಳಗುರುತಿನ ನೆರವಿನಿಂದ ಗಣಕದಲ್ಲಿರುವ ಕಡತಗಳನ್ನು ಪತ್ತೆಹಚ್ಚಿ, ಅವುಗಳಿಗೆ ಸರಿಯಾದ ಹೆಸರು, ಸಂಖ್ಯೆ, ವರ್ಷಗಳನ್ನು ತುಂಬಿಸುತ್ತದೆ. ಸ್ಟಾರ್ ಟ್ರೆಕ್ ಎಂಬ ಟಿ.ವಿ. ಧಾರಾವಾಹಿಯ ನೌಕಾಧಿಪತಿ ಜೀನ್-ಲುಕ್ ಪಿಕಾರ್ಡ್‌ನ ಹೆಸರನ್ನು ಇದಕ್ಕೆ ಇಡಲಾಗಿದೆ.

ಸಂಬಂಧಿತ ಯೋಜನೆಗಳು

ಕೇಳಿದ ಹಾಡುಗಳ ದಾಖಲೆ ಇಡುವ ಲಿಸನ್‌ಬ್ರೇನ್ಜ್, ವಿಮರ್ಶೆಗಳಿಗೆ ಮೀಸಲಾದ ಕ್ರಿಟೀಕ್‌ಬ್ರೇನ್ಜ್, ಪುಸ್ತಕಗಳ ವಿವರಗಳಿಗಾಗಿ ಬುಕ್‌ಬ್ರೇನ್ಜ್ ಇವು ಫೌಂಡೇಶನ್ನಿನ ಇತರ ಯೋಜನೆಗಳು. ಶ್ರುತಿ, ಗತಿ ಮೊದಲಾದ ಲಕ್ಷಣಗಳನ್ನು ಗಣಕದಿಂದ ಲೆಕ್ಕಹಾಕುವ ಅಕೌಸ್ಟಿಕ್‌ಬ್ರೇನ್ಜ್ ಎಂಬ ಯೋಜನೆ 2014ರಲ್ಲಿ ಆರಂಭವಾಗಿತ್ತು. ಫಲಿತಾಂಶಗಳ ಗುಣಮಟ್ಟ ಸಾಲದೆಂದು ಸಂಸ್ಥೆಯೇ ಒಪ್ಪಿಕೊಂಡು 2022ರಲ್ಲಿ ಅದನ್ನು ನಿಲ್ಲಿಸಿತು. ಅದುವರೆಗಿನ ದತ್ತಾಂಶವನ್ನು ಆಸಕ್ತರಿಗಾಗಿ ಬಿಡುಗಡೆ ಮಾಡಲಾಯಿತು. ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಡಿ ಭಾರತದ ವಿದ್ಯಾರ್ಥಿಗಳೂ ಈ ಯೋಜನೆಗಳ ತಂತ್ರಾಂಶಕ್ಕೆ ಕೊಡುಗೆ ನೀಡಿದ್ದಾರೆ.

ಮ್ಯೂಸಿಕ್‌ಬ್ರೇನ್ಜ್‌ನ ಸಮಕಾಲೀನವಾದ ಡಿಸ್ಕಾಗ್ಸ್ ಕೂಡ ಬಳಕೆದಾರರೇ ಕಟ್ಟಿದ ಸಂಚಯ. ಕೆವಿನ್ ಲೆವಂಡೋಸ್ಕಿ 2000ದಲ್ಲಿ ಆರಂಭಿಸಿದ ಅದು ಮೊದಲು ಇಲೆಕ್ಟ್ರಾನಿಕ್ ಸಂಗೀತಕ್ಕೆ ಸೀಮಿತವಾಗಿತ್ತು. ಇದನ್ನು ಖಾಸಗಿ ಸಂಸ್ಥೆ ನಡೆಸುತ್ತದೆ. ಹಳೆಯ ತಟ್ಟೆಗಳ ಮಾರಾಟ ವೇದಿಕೆಯಿಂದ ಅದಕ್ಕೆ ಆದಾಯ ಬರುತ್ತದೆ. ತಟ್ಟೆಯ ಭೌತಿಕ ಸ್ವರೂಪ, ಮುದ್ರಣದ ಆವೃತ್ತಿ, ಅಂಚಿನಲ್ಲಿ ಕೊರೆದ ಸಂಖ್ಯೆ ಇವುಗಳ ವಿವರ ಬೇಕಾದವರಿಗೆ ಡಿಸ್ಕಾಗ್ಸ್ ಹೆಚ್ಚು ಉಪಯುಕ್ತ. ಕೃತಿ ಮತ್ತು ಕಲಾವಿದರ ಸಂಬಂಧಗಳನ್ನು ಹುಡುಕುವವರಿಗೆ ಮ್ಯೂಸಿಕ್‌ಬ್ರೇನ್ಜ್ ಅನುಕೂಲ. ಅನೇಕ ಸಂಪಾದಕರು ಎರಡರಲ್ಲಿಯೂ ದುಡಿಯುತ್ತಾರೆ, ಮತ್ತು ಒಂದರ ನಮೂದಿನಿಂದ ಇನ್ನೊಂದಕ್ಕೆ ಕೊಂಡಿ ಕೊಡುವುದು ರೂಢಿಯಾಗಿದೆ.